ಕೋಡುಬಳೆ ಕೇಳಿದರೆ ಹಾರ್ನ್ ಕೊಟ್ಟ ಹೊಸ ವರ್ಷನ್

ಹೊಸಕೋಟೆಯಲ್ಲಿ ಹಳೇ ಮದ್ರಾಸ್ ರಸ್ತೆಗೆ ಮುಖ ಮಾಡಿಕೊಂಡಿದ್ದ ಒಂದು ಬಿಡಿಭಾಗಗಳ ಗೋಡೌನಿನಲ್ಲಿ ನಾನು ಬಹಳ ವರ್ಷ ಫೋನ್ ಎತ್ತುವ ಕೆಲಸ ಮಾಡಿದೆ. ಟ್ರ್ಯಾಕ್ಟರು, ಟಿಪ್ಪರು, ನೀರೆತ್ತುವ ಮೋಟರು, ಮಣ್ಣೆತ್ತುವ ಗಾಡಿ, ಹಾಲಿನ ಡೈರಿಯ ತಣ್ಣಗಿಡುವ ಟ್ಯಾಂಕು, ಹೀಗೆ ಏನು ಕೆಟ್ಟರೂ ಅದಕ್ಕೆ ಬೇಕಾದ ಸೀಲು, ಬುಷ್ಷು, ಬೇರಿಂಗು ನಮ್ಮಲ್ಲಿ ಸಿಗುತ್ತಿತ್ತು. ದೇವನಹಳ್ಳಿಗೆ ವಿಮಾನ ಬಂದ ಮೇಲೆ ಈ ಕಡೆಯ ಮಣ್ಣು ಒಂದು ದಿನವೂ ತಣ್ಣಗೆ ಮಲಗಲಿಲ್ಲ. ಇವತ್ತು ರಾಗಿ ಹೊಲ, ನಾಳೆ ಲೇಔಟು, ನಾಡಿದ್ದು ಅದೇ ಲೇಔಟಿನ ಮಧ್ಯೆ ಇನ್ನೊಂದು ರಸ್ತೆ. ಅಗೆಯುವ ಗಾಡಿಗಳು ಹೆಚ್ಚಿದಷ್ಟೂ ಅವುಗಳ ಹಲ್ಲು ಮುರಿಯುತ್ತಿದ್ದವು. ಮುರಿದಷ್ಟೂ ನಮ್ಮ ಫೋನು ಹೊಡೆದುಕೊಳ್ಳುತ್ತಿತ್ತು.

ಗೋಡೌನಿನ ಒಳಗಿನ ರಾಜ್ಯ ಒಬ್ಬ ಹಿರಿಯರದ್ದು. ಎಲ್ಲರೂ ಅವರನ್ನು ಸ್ಟೋರಣ್ಣ ಅನ್ನುತ್ತಿದ್ದರು. ನಲ್ಲೂರಿನವರು. ವಯಸ್ಸು ಕೇಳಿದರೆ, "ನಮ್ಮೂರ ಹುಣಸೆ ಮರಕ್ಕಿಂತ ಒಂಚೂರು ಕಮ್ಮಿ ಕಣಮ್ಮ" ಅಂದುಬಿಡೋರು. ಕನ್ನಡಕ ಶರ್ಟಿನ ಜೇಬಿನಲ್ಲೇ ಇರುತ್ತಿತ್ತು. ಅದನ್ನು ಹಾಕಿಕೊಂಡು ಅವರು ಒಂದು ಸಾಮಾನು ಹುಡುಕಿದ್ದನ್ನು ನಾನು ನೋಡಿಲ್ಲ. ರ‍್ಯಾಕುಗಳ ಮಧ್ಯೆ ನಡೆದುಕೊಂಡು ಹೋಗಿ, ಯಾರದೋ ಮನೆಯಲ್ಲಿ ಉಪ್ಪಿನ ಡಬ್ಬ ಎಲ್ಲಿದೆ ಅಂತ ಗೊತ್ತಿರುವ ಸೊಸೆಯ ಹಾಗೆ ಕೈ ಹಾಕಿ ತೆಗೆಯೋರು.

ನನ್ನ ಕಷ್ಟ ಬೇರೆ ಥರದ್ದು. ಗಿರಾಕಿಗಳು ಕೇಳುವ ಹೆಸರೇ ಒಂದು, ಡಬ್ಬಿಯ ಮೇಲೆ ಬರೆದಿರುವ ಹೆಸರೇ ಇನ್ನೊಂದು. ಬಾವಿಯ ತಳದಲ್ಲಿ ಪೈಪಿನ ತುದಿಗೆ ಕೂರುವ ವಾಲ್ವನ್ನು ನಮ್ಮ ಕಡೆ ಕಪ್ಪೆ ಅನ್ನುತ್ತಾರೆ. ನೀರಲ್ಲಿ ಬಾಯಿ ಬಿಟ್ಟುಕೊಂಡು ಕೂತಿರುತ್ತದಲ್ಲ, ಅದಕ್ಕೆ. ಕ್ಲಚ್ಚಿನ ಮೂರು ಬೆರಳಿನ ಲಿವರು ಕೋಳಿಕಾಲು. ರಬ್ಬರಿನ ದಪ್ಪ ಸೀಲ್ ರಿಂಗು ಕೋಡುಬಳೆ. ಯಾವ ಮೆಕ್ಯಾನಿಕ್ ಯಾವಾಗ ನಾಮಕರಣ ಮಾಡಿದನೋ, ಹೊಸಕೋಟೆಯಿಂದ ದೊಡ್ಡಬಳ್ಳಾಪುರದ ತನಕ ಆ ಹೆಸರೇ ನಡೆಯುತ್ತಿತ್ತು. "ಅಕ್ಕಾ, ಎರಡು ಕಪ್ಪೆ, ಒಂದು ಕೋಳಿಕಾಲು ಎತ್ತಿಡಿ, ಬರ್ತೀನಿ" ಅಂತ ಫೋನಿಡೋರು. ಪಕ್ಕದಲ್ಲಿ ಯಾರಾದರೂ ಹೊಸಬರು ಕೂತಿದ್ದರೆ ನಾವೇನು ವ್ಯಾಪಾರ ಮಾಡುತ್ತೇವೆ ಅಂತ ಗಾಬರಿಯಾಗುತ್ತಿದ್ದರು.

ಇದನ್ನೆಲ್ಲ ನಾನು ಇಂಗ್ಲಿಷಿಗೆ ತಿರುಗಿಸಿ ಕಂಪ್ಯೂಟರಿನ ಸರ್ಚಿನಲ್ಲಿ ಹುಡುಕಬೇಕಿತ್ತು. ಆ ಸರ್ಚು ನಮ್ಮ ಬೆಂಗಳೂರು ಆಫೀಸಿನ ಹೆಮ್ಮೆ. ಎಲ್ಲೋ ಹೊರದೇಶದವರು ಬರೆದು ಬಿಟ್ಟ ಸಾಫ್ಟ್‌ವೇರು, ನಮ್ಮವರು ತಂದು ಕೂರಿಸಿಕೊಂಡಿದ್ದರು. ಹುಡುಕುವುದೂ ಅದೇ, ಯಾರು ಏನು ಹುಡುಕಿದರು ಅಂತ ಲೆಕ್ಕ ಹಾಕಿ ಬಣ್ಣದ ಚಿತ್ರ ಬಿಡಿಸುವುದೂ ಅದೇ. ಮೊದಲ ವರ್ಷನ್ನಿಗೆ ಒಂದಕ್ಷರ ತಪ್ಪಿದರೆ ಏನೂ ಕಾಣುತ್ತಿರಲಿಲ್ಲ. ಎರಡನೆಯದರಲ್ಲಿ ಕಾಗುಣಿತ ತಪ್ಪಿದರೂ ಕ್ಷಮಿಸುವ ಗುಣ ಸೇರಿಸಿದರು. ಅದು ಎಷ್ಟು ಕ್ಷಮಿಸಿತೆಂದರೆ ಬುಷ್ ಕೇಳಿದರೆ ಬ್ರಷ್ ತೋರಿಸುತ್ತಿತ್ತು. ಹೊಸ ವರ್ಷನ್ ಬಂದಾಗಲೆಲ್ಲ ಬೆಂಗಳೂರಿನಿಂದ ಒಬ್ಬ ಸಾಹೇಬರು ಕೇಕು, ವರ್ಷನ್ನಿನ ನಂಬರು ಅಚ್ಚಾದ ಟೀ ಶರ್ಟು ಎರಡನ್ನೂ ತಂದು ನಮಗೆ ಹಂಚೋರು. ನಾವು ಅವರನ್ನು ಸರ್ಚ್ ಸಾಹೇಬರು ಅನ್ನುತ್ತಿದ್ದೆವು. ಒಳ್ಳೆಯ ಮನುಷ್ಯರೇ. ಎದುರಿಗಿದ್ದವರ ಮುಖ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ನೋಡೋರು. ಟೀ ಶರ್ಟುಗಳನ್ನು ನಾನು ನಮ್ಮೂರು ಸಮೇತನಹಳ್ಳಿಗೆ ಒಯ್ದು ಅಪ್ಪನಿಗೆ ಕೊಡುತ್ತಿದ್ದೆ. ಅಪ್ಪ ಅದನ್ನು ಬೆದರುಬೊಂಬೆಗೆ ಹಾಕುತ್ತಿತ್ತು. ವರ್ಷನ್ ಎರಡಕ್ಕೆ ಗಿಳಿಗಳು ಹೆದರುತ್ತಿದ್ದವು, ಮೂರಕ್ಕೆ ಹೆದರಲಿಲ್ಲ ಅಂತ ಒಂದು ಸಲ ವರದಿಯನ್ನೂ ಕೊಟ್ಟಿತ್ತು.

ನಾನು ಹೇಳಬೇಕೆಂದಿರುವುದು ಅದರ ಮುಂದಿನ ದೊಡ್ಡ ವರ್ಷನ್ನಿನ ಕಥೆ. ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ಲಿನ ಕೆಲಸ ಜೋರಾಗಿ ನಡೆಯುತ್ತಿದ್ದ ಕಾಲ. ಒಂದು ಬೆಳಿಗ್ಗೆ ಸರ್ಚ್ ಸಾಹೇಬರು ಮಾಮೂಲಿಗಿಂತ ದೊಡ್ಡ ಕೇಕಿನೊಡನೆ ಬಂದರು. ಫೋನುಗಳನ್ನೆಲ್ಲ ಬೆಂಗಳೂರಿನ ಡೆಸ್ಕಿಗೆ ತಿರುಗಿಸಿ, ನಮ್ಮನ್ನೆಲ್ಲ ಮೀಟಿಂಗ್ ರೂಮಿನಲ್ಲಿ ಕೂರಿಸಿದರು. ಸ್ಟೋರಣ್ಣನನ್ನೂ ರ‍್ಯಾಕುಗಳಿಂದ ಬಿಡಿಸಿ ಮುಂದಿನ ಸಾಲಿನಲ್ಲಿ ಕೂರಿಸಿದರು.

"ಇಷ್ಟು ದಿನ ನಮ್ಮ ಸಿಸ್ಟಮ್ ಅಕ್ಷರ ನೋಡ್ತಾ ಇತ್ತು," ಅಂದರು ಸಾಹೇಬರು. "ಇನ್ಮೇಲೆ ಅರ್ಥ ನೋಡತ್ತೆ. ಗಿರಾಕಿ ಯಾವ ಭಾಷೇಲಿ, ಹೇಗೆ ಬೇಕಾದ್ರೂ ಕೇಳಲಿ. ಅವರ ಮನಸ್ಸಲ್ಲಿ ಏನಿದೆ ಅಂತ ಇದಕ್ಕೆ ಗೊತ್ತಾಗತ್ತೆ."

ಸ್ಟೋರಣ್ಣ ಶಾಲೆಯ ಹುಡುಗರ ಹಾಗೆ ಕೈ ಎತ್ತಿದರು. "ಅರ್ಥ ಆಗ್ದೇ ಹೋದ್ರೆ, ತಿರುಗಿಸಿ ಕೇಳ್ತದಾ ಸಾ?"

"ಕೇಳೋ ಅವಶ್ಯಕತೆನೇ ಬರಲ್ಲ," ಅಂದರು ಸಾಹೇಬರು.

ಅದಾದ ಮೇಲೆ ಮಿಕ್ಕ ಹೊಸ ಫೀಚರುಗಳು ಒಂದೊಂದಾಗಿ ಬಂದವು. ಉತ್ತರದ ಬಗ್ಗೆ ಸಿಸ್ಟಮ್ಮಿಗೆ ಖಾತ್ರಿ ಇದ್ದರೆ ಪಕ್ಕದಲ್ಲಿ ಹಸಿರು ದೀಪ ಹತ್ತುತ್ತದೆ. ಹಸಿರು ಹತ್ತಿದರೆ ಮನುಷ್ಯರು ನೋಡಬೇಕಾಗಿಲ್ಲ, ಚೀಟಿ ತಾನೇ ಪ್ರಿಂಟಾಗಿ ಸಾಮಾನು ಡಬ್ಬಿಯ ಸಮೇತ ಗಾಡಿ ಹತ್ತುತ್ತದೆ. ಯಾವ ಪದವನ್ನು ಜನ ಹೆಚ್ಚು ಹುಡುಕುತ್ತಾರೋ ಅದು ಡ್ಯಾಶ್‌ಬೋರ್ಡಿನಲ್ಲಿ ದೊಡ್ಡದಾಗಿ ಕಾಣುತ್ತದೆ, ಜಾತ್ರೆಯ ಬಲೂನಿನ ಹಾಗೆ. ಎಲ್ಲಾದರೂ ವಿಚಿತ್ರ ನಡೆದರೆ ಸಿಸ್ಟಮ್ಮೇ ವಾಸನೆ ಹಿಡಿದು ಕೆಂಪು ಬಣ್ಣದಲ್ಲಿ "ಅಸಹಜ" ಅಂತ ಕೂಗುತ್ತದೆ. ಸಾಹೇಬರು ಹೇಳುತ್ತಾ ಹೇಳುತ್ತಾ ಕಣ್ಣು ತೇವ ಮಾಡಿಕೊಂಡರು. ನಿಜಕ್ಕೂ. ಸ್ವಂತ ಮಗಳ ಭರತನಾಟ್ಯ ನೋಡುವ ಅಪ್ಪನ ಮುಖ.

ಕೇಕು ಕತ್ತರಿಸುವ ಹೊತ್ತಿಗೆ ಬಾಗಿಲು ದಡ್ ಅಂತ ತೆರೆಯಿತು. ನಮ್ಮೂರಿನ ಪಕ್ಕದ ಹಳ್ಳಿಯ ಹಾಲಿನ ಡೈರಿಯ ಕಾರ್ಯದರ್ಶಿ ನಿಂತಿದ್ದರು. ನನಗಿಂತ ನಾಲ್ಕೈದು ವರ್ಷ ದೊಡ್ಡವರು, ನನಗೆ ಸಣ್ಣಂದಿನಿಂದ ಪರಿಚಯ. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದ್ದರು. ಒಂದು ಕೈಯಲ್ಲಿ ಸ್ಕೂಟರಿನ ಕೀಲಿ, ಇನ್ನೊಂದು ತೋಳಿನಲ್ಲಿ ಮೊಣಕೈ ತನಕ ಏರಿಸಿಕೊಂಡ ಒಂದು ದೊಡ್ಡ ಹೊಳೆಯುವ ಉಂಗುರ. ಹಳೇ ಟ್ರ್ಯಾಕ್ಟರಿನ ಸ್ಟೀರಿಂಗಿನ ಮಧ್ಯೆ ಕೂರುವ, ಒತ್ತಿದರೆ ಹಾರ್ನ್ ಹೊಡೆಯುವ ಸ್ಟೀಲ್ ಬಳೆ.

"ಇದನ್ನ ಯಾವ ಹಸುಗೆ ತೊಡಿಸ್ಲಿ?" ಅಂದರು. "ಯಾರ್ರೀ ಕಳಿಸ್ದೋರು? ಬೆಳಿಗ್ಗೆ ಒಂಬತ್ತಕ್ಕೆ ಫೋನ್ ಮಾಡ್ದೆ. ಟ್ಯಾಂಕ್ ಬಾಯಿನ ಕೋಡುಬಳೆ ಹರಿದೋಗೈತೆ, ಹಾಲು ಸೋರ್ತಾ ಐತೆ, ಒಂದು ಕೋಡುಬಳೆ ಕಳಿಸಿ ಅಂದೆ. ಆ ಕಡೆಯಿಂದ ಒಬ್ಬಳು, ಓಕೆ ಮೇಡಮ್, ನಿಮ್ಮ ಕೋಡುಬಳೆ ಹೊರಟಿದೆ ಅಂದ್ಲು. ಬಂದದ್ದು ಇದು!"

ಏನಾಗಿದೆ ಅಂತ ನನಗೆ ತಕ್ಷಣ ಹೊಳೆಯಿತು. ನಾವೆಲ್ಲ ಇಲ್ಲಿ ಅರ್ಥದ ಬಗ್ಗೆ ಪಾಠ ಕೇಳುತ್ತಿದ್ದಾಗ ಆ ಫೋನು ಬೆಂಗಳೂರಿನ ಡೆಸ್ಕಿಗೆ ಹೋಗಿತ್ತು. ಅಲ್ಲಿನ ಹುಡುಗಿ ಕೇಳಿಸಿದ್ದನ್ನು ಹಾಗೇ ಒತ್ತಿದ್ದಳು, ಇಲ್ಲಿ ಚೀಟಿ ನೋಡಿದ ಗಾಡಿಯವನು ಡಬ್ಬಿ ಎತ್ತಿಕೊಂಡು ಹೊರಟಿದ್ದ. ಸಾಹೇಬರು ಮಾತ್ರ ನಂಬಲಿಲ್ಲ. "ಚಾನ್ಸೇ ಇಲ್ಲ" ಅನ್ನುತ್ತಾ, ಗೋಡೆಯ ಮೇಲೆ ಎಲ್ಲರಿಗೂ ಕಾಣುವ ಹಾಗೆ, ಹೊಸ ಸರ್ಚಿನಲ್ಲಿ ಕೋಡುಬಳೆ ಅಂತ ಬರೆದು ಗುಂಡಿ ಒತ್ತಿದರು.

ಹಸಿರು ದೀಪ. ಖಚಿತ. ಹಾರ್ನ್ ರಿಂಗ್, ಸ್ಟೀಲ್, ಒಂದು.

ಕೋಡು ಅಂದರೆ ಹಾರ್ನ್. ಬಳೆ ಅಂದರೆ ರಿಂಗ್. ಸಿಸ್ಟಮ್ಮಿಗೆ ಅರ್ಥ ಆಗಿತ್ತು. ಅರ್ಥ ಆಗುವುದಕ್ಕೂ ಒಂದು ಮಿತಿ ಇರಬೇಕು ಅಂತ ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ ಅಷ್ಟೇ.

ಸಾಹೇಬರು ಗೋಡೆಯನ್ನು ಒಂದು ಕ್ಷಣ ನೋಡಿದರು. "ಆಕ್ಚುಯಲಿ," ಅಂದರು, "ಭಾಷಾಂತರ ದೃಷ್ಟಿಯಿಂದ ನೋಡಿದ್ರೆ, ಇದು ತುಂಬಾ ಇಂಪ್ರೆಸಿವ್."

ಕಾರ್ಯದರ್ಶಿ ಅವರತ್ತ ಒಂದು ಹೆಜ್ಜೆ ಇಟ್ಟರು. ಅಷ್ಟರಲ್ಲಿ ಸ್ಟೋರಣ್ಣ ಹೊರಗೆ ಹೋದದ್ದನ್ನು ಯಾರೂ ಗಮನಿಸಿರಲಿಲ್ಲ. ವಾಪಸ್ಸು ಬಂದಾಗ ಅವರ ಕೈಯಲ್ಲಿ ಬಿಳಿ ರಬ್ಬರಿನ ಮೂರು ರಿಂಗುಗಳಿದ್ದವು. "ನಿಮ್ಮ ಟ್ಯಾಂಕು ಹಳೇದಾ, ಹೊಸಾದಾ?" ಅಂತ ಕೇಳಿದರು. "ಹಳೇದು." "ಬಾಯಿ ಎಷ್ಟು ಅಗಲ, ಕೈಯಾಗೆ ತೋರ್ಸಿ." ಅವರು ಬೆರಳು ಬಳಸಿ ತೋರಿಸಿದರು. ಸ್ಟೋರಣ್ಣ ಮೂರರಲ್ಲಿ ಒಂದನ್ನು ಆರಿಸಿ, "ನಡೀರಿ, ನಾನೇ ಕೂರಿಸಿಕೊಟ್ಟು ಬರ್ತೀನಿ" ಅಂದವರೇ ಸ್ಪ್ಯಾನರು ಹುಡುಕತೊಡಗಿದರು. ಊರಿನ ದಾರಿ ಗೊತ್ತು ಅನ್ನುವ ನೆಪದಲ್ಲಿ ನಾನೂ ಗೋಡೌನಿನ ಗೂಡ್ಸ್ ಆಟೋ ಹತ್ತಿದೆ. ಕೇಕು ಹಾಗೇ ಉಳಿಯಿತು.

ಡೈರಿಯಲ್ಲಿ ಕಂಡದ್ದನ್ನು ನಾನು ಮರೆತಿಲ್ಲ. ಇದ್ದಬದ್ದ ಕ್ಯಾನುಗಳೆಲ್ಲ ತುಂಬಿದ್ದವು. ಟ್ಯಾಂಕರು ಬರುವುದು ಮಧ್ಯಾಹ್ನ. ಟ್ಯಾಂಕಿನ ಕೆಳಗಿನ ಬಾಯಿಗೆ ಒಗೆದ ಬಟ್ಟೆಯ ಉಂಡೆ ಒತ್ತಿ ಹಿಡಿದುಕೊಂಡು ಇಬ್ಬರು ಹೆಂಗಸರು ನೆಲದ ಮೇಲೆ ಕೂತಿದ್ದರು. ಬೆಳಿಗ್ಗೆಯಿಂದ ಪಾಳಿಯ ಮೇಲೆ ಹಿಡಿದಿದ್ದರಂತೆ, ಇಬ್ಬರು ಎದ್ದರೆ ಇನ್ನಿಬ್ಬರು. ಬೆರಳ ಸಂದಿಯಿಂದ ಹಾಲು ಜಿನುಗಿ ಮೊಣಕೈಗೆ ಇಳಿಯುತ್ತಿತ್ತು. ನೆಲದ ಮೇಲೆ ಹರಿದು ಚರಂಡಿಯ ಬಾಯಿಯ ತನಕ ಬಿಳಿ ಗೆರೆ. ಕೂತಿದ್ದ ಇಬ್ಬರಲ್ಲಿ ಒಬ್ಬಳು ನಮ್ಮವ್ವ. ನಮ್ಮ ಮನೆಯ ಎರಡು ಹಸುವಿನ ಹಾಲೂ ಆ ಡೈರಿಗೇ ಹೋಗುತ್ತಿತ್ತು.

ಅವ್ವ ತಲೆ ಎತ್ತಿ ನನ್ನನ್ನು ನೋಡಿತು. "ಆ ಬಳೆ ಕಳಿಸ್ದೋರು ನಿಮ್ಮ ಅಂಗಡಿಯೋರೇನಾ?"

"ಹೂಂ," ಅಂದೆ.

"ಓದ್ದೋರು," ಅಂತ ಅಂದು ಮತ್ತೆ ಬಟ್ಟೆಯ ಕಡೆ ತಿರುಗಿತು. ಅಷ್ಟೇ. ಆ ಒಂದು ಮಾತಿಗಿಂತ ಬೈದಿದ್ದರೆ ಚೆನ್ನಾಗಿತ್ತು.

ಸ್ಟೋರಣ್ಣ ಪಂಚೆ ಮೇಲೆ ಕಟ್ಟಿ ನೆಲಕ್ಕೆ ಕೂತರು. ಹರಿದ ರಿಂಗನ್ನು ತೆಗೆದು ಹೊಸದನ್ನು ಬಿಸಿ ನೀರಲ್ಲಿ ಅದ್ದಿ ಮೆತ್ತಗೆ ಮಾಡಿ ಕೂರಿಸಿದರು. ಹತ್ತು ನಿಮಿಷವೂ ಹಿಡಿಯಲಿಲ್ಲ. ಜಿನುಗುವುದು ನಿಂತಿತು. ಹೆಂಗಸರು ಕೈ ಬಿಟ್ಟಾಗ ಬೆರಳುಗಳು ಬಾಗಿಕೊಂಡೇ ಇದ್ದವು, ನೇರವಾಗಲು ಹೊತ್ತು ಹಿಡಿಯಿತು. ಆ ಹೊತ್ತಿಗೆ ಸರಿಯಾಗಿ ಕಾರ್ಯದರ್ಶಿಯ ಫೋನು ಟಿಂಗ್ ಅಂದಿತು. ನಮ್ಮ ಸಿಸ್ಟಮ್ಮಿನ ಮೆಸೇಜು. ನಿಮ್ಮ ಆರ್ಡರ್ ಯಶಸ್ವಿಯಾಗಿ ತಲುಪಿದೆ, ನಮ್ಮ ಹೊಸ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ? ಅವರು ನನ್ನ ಮುಖಕ್ಕೆ ಫೋನು ಹಿಡಿದು, "ಒಂದೂ ಕೊಡ್ದೇ ಇರೋಕೆ ಎಲ್ಲಿ ಒತ್ಬೇಕು, ತೋರ್ಸು" ಅಂದರು. ಹಾಗೆ ಒತ್ತುವ ಜಾಗ ಅದರಲ್ಲಿ ಇರಲಿಲ್ಲ.

ಮಾರನೇ ದಿನ ಗೋಡೌನಿಗೆ ಹೋದರೆ ಡ್ಯಾಶ್‌ಬೋರ್ಡು ಕೆಂಪಾಗಿ ಉರಿಯುತ್ತಿತ್ತು. ಅಸಹಜ. ನಾನು ಪಾಪ ಹಾರ್ನಿನ ವಿಚಾರ ಇರಬೇಕು ಅಂದುಕೊಂಡೆ. ಅಲ್ಲ. ಹಾರ್ನಿನ ವಿಚಾರ ಹಸಿರಾಗಿತ್ತು: ಹುಡುಕಿದರು, ಸಿಕ್ಕಿತು, ಹೋಯಿತು, ತಲುಪಿತು. ಅಸಹಜವಾಗಿದ್ದು ಬಿಳಿ ರಬ್ಬರ್ ರಿಂಗು. ಯಾರೂ ಹುಡುಕದೆ, ಯಾವ ಚೀಟಿಯೂ ಇಲ್ಲದೆ ಮೂರು ರಿಂಗು ರ‍್ಯಾಕಿನಿಂದ ಎದ್ದಿದ್ದವು, ಎರಡು ಮಾತ್ರ ವಾಪಸ್ಸು ಬಂದಿದ್ದವು. ಮಧ್ಯಾಹ್ನದ ಹೊತ್ತಿಗೆ ಸ್ಟೋರಣ್ಣನಿಗೆ ನೋಟೀಸು ಬಂತು. ಅದರ ಜೊತೆ ಸಿಸ್ಟಮ್ಮು ಅವರ ಬಗ್ಗೆ ಕಂಡುಹಿಡಿದ ಇನ್ನೊಂದು ಸಂಗತಿಯೂ ಇತ್ತು. ಇವರು ಇಷ್ಟು ವರ್ಷಗಳಲ್ಲಿ ಒಂದು ಸಲವೂ ಸರ್ಚ್ ಮಾಡಿಲ್ಲ. ಆದ್ದರಿಂದ ಇವರು ಕೆಲಸ ಮಾಡಿದ ದಾಖಲೆ ಇಲ್ಲ.

"ಹುಡುಕಿಲ್ಲ ಅಂದ್ರೆ ಕೆಲ್ಸ ಮಾಡಿಲ್ಲ ಅಂತಾನಾ?" ಅಂತ ಸ್ಟೋರಣ್ಣ ನನ್ನನ್ನು ಕೇಳಿದರು.

"ಹಂಗೇ ಬರ್ದಿದಾರೆ ಅಣ್ಣ."

"ಕಳ್ಕೊಂಡೋನು ಹುಡುಕ್ತಾನೆ ಕಣಮ್ಮ. ನಾನು ಯಾಕೆ ಹುಡುಕ್ಲಿ?"

ಸಂಜೆಗೆ ಬೆಂಗಳೂರಿನಿಂದ ಹುಕುಂ ಬಂತು. ಇನ್ನು ಮುಂದೆ ಯಾರೇ ರ‍್ಯಾಕು ಮುಟ್ಟುವ ಮುಂಚೆ ಸರ್ಚ್ ಮಾಡತಕ್ಕದ್ದು. ದಿನಕ್ಕೆ ಇಷ್ಟು ಸರ್ಚ್ ಆಗಲೇಬೇಕು, ಆಗದಿದ್ದವರ ಹೆಸರು ಕೆಳಗಿನಿಂದ ಮೇಲಕ್ಕೆ ಪಟ್ಟಿಯಾಗುತ್ತದೆ. ಸ್ಟೋರಣ್ಣನಿಗೆ ಕನ್ನಡದಲ್ಲಿ ಟೈಪ್ ಮಾಡುವುದನ್ನು ನಾನೇ ಹೇಳಿಕೊಟ್ಟೆ. ಕನ್ನಡಕ ಕೊನೆಗೂ ಜೇಬಿನಿಂದ ಹೊರಬಂತು. ಒಂದು ಬೆರಳಿನಲ್ಲಿ, ಇರುವೆ ಹೊಸಕುವ ಹಾಗೆ, ಒಂದೊಂದೇ ಅಕ್ಷರ ಒತ್ತೋರು. ಎರಡು ದಿನ ನೆಟ್ಟಗೆ ಸಾಮಾನಿನ ಹೆಸರೇ ಒತ್ತಿದರು. ಕಪ್ಪೆ ಅಂತ ಒತ್ತಿದ್ದಕ್ಕೆ ಸಿಸ್ಟಮ್ಮು ಹಸಿರು ರೆಕ್ಸಿನ್ನಿನ ಸೀಟ್ ಕವರು ತೋರಿಸಿತು. ಹಲ್ಲು ಅಂದಿದ್ದಕ್ಕೆ ತಂತಿಯ ಬ್ರಷ್ಷು. ಮೂರನೇ ದಿನ ಅವರಿಗೆ ಬೇಜಾರಾಯಿತು. "ಹೆಂಗಿದ್ರೂ ಎಣಿಸೋದು ಎಷ್ಟು ಸಲ ಒತ್ದೆ ಅಂತ ತಾನೆ?" ಅಂದು, ಬೆಳಿಗ್ಗೆ ಬಂದ ತಕ್ಷಣ ಮುದ್ದೆ ಅಂತ ಬರೆದು ಪಟಪಟ ಅಂತ ಗುಂಡಿ ಒತ್ತಿ, ದಿನದ ಲೆಕ್ಕ ಮುಗಿಸಿ, ರ‍್ಯಾಕಿನ ಕಡೆ ಹೋಗೋರು.

ಹೇಳಿಬಿಡುತ್ತೇನೆ, ನಾನೂ ಒತ್ತಿದೆ. ಗೋಡೌನಿನ ಎಲ್ಲರೂ ಒತ್ತಿದರು. ಬರೆಯಲು ಸಣ್ಣ ಪದ, ಮನಸ್ಸಿಗೂ ಹಿತ. ಕೆಲವರು ಸೊಪ್ಪಿನ ಸಾರನ್ನೂ ಸೇರಿಸಿದರು. ಯಾರ ಹೆಸರೂ ಕೆಳಗಿನ ಪಟ್ಟಿಯಲ್ಲಿ ಬರಲಿಲ್ಲ. ಬೆಂಗಳೂರಿನಿಂದ ಒಂದು ಅಭಿನಂದನೆಯ ಪತ್ರ ಬಂತು: ಹೊಸ ವರ್ಷನ್ನನ್ನು ಅತಿ ಹೆಚ್ಚು ಬಳಸಿದ ಶಾಖೆ, ಹೊಸಕೋಟೆ.

ತಿಂಗಳಾದ ಮೇಲೆ ಸರ್ಚ್ ಸಾಹೇಬರು ತಾವೇ ಬಂದರು. ಈ ಸಲ ಮುಖದಲ್ಲಿ ನಿಧಿ ಸಿಕ್ಕವರ ಕಳೆ. ಗೋಡೆಯ ಮೇಲೆ ಡ್ಯಾಶ್‌ಬೋರ್ಡು ಹಾಕಿದರು. ನೂರಾರು ಪದಗಳು ಚುಕ್ಕೆಗಳ ಹಾಗೆ ಸಣ್ಣಗೆ, ಮಧ್ಯದಲ್ಲಿ ಪೂರ್ಣ ಚಂದ್ರನ ಹಾಗೆ ಒಂದೇ ಪದ. ಮುದ್ದೆ.

"ಇದು ಗುಪ್ತ ಬೇಡಿಕೆ," ಅಂದರು. "ಗಿರಾಕಿಗಳು ಕೇಳ್ತಾನೇ ಇದಾರೆ, ನಮ್ಮ ಹತ್ರ ಆ ಹೆಸರಲ್ಲಿ ಐಟಮ್ಮೇ ಇಲ್ಲ. ಇಷ್ಟು ವರ್ಷ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಹೊಸ ಅನಾಲಿಟಿಕ್ಸ್ ಇಲ್ಲದಿದ್ರೆ ಎಂದಿಗೂ ಬೀಳ್ತಿರಲಿಲ್ಲ."

ನಾವು ಯಾರೂ ಯಾರ ಮುಖವನ್ನೂ ನೋಡಲಿಲ್ಲ. ನೋಡಿದ್ದರೆ ನಗು ಒಡೆಯುತ್ತಿತ್ತು. ಸಾಹೇಬರು ಬೆಂಗಳೂರಿನವರೇ, ಮನೆಯಲ್ಲಿ ಕನ್ನಡವನ್ನೇ ಆಡೋರು, ಆದರೆ ಡ್ಯಾಶ್‌ಬೋರ್ಡಿನ ಮೇಲೆ ಬಂದ ಪದ ಅವರಿಗೆ ಪದವಾಗಿ ಕಾಣುತ್ತಿರಲಿಲ್ಲ, ಗ್ರಾಫಾಗಿ ಕಾಣುತ್ತಿತ್ತು. ಅಥವಾ ಮುದ್ದೆ ಅನ್ನುವ ಇನ್ನೊಂದು ಬಿಡಿಭಾಗ ಇದೆ ಅಂತ ನಿಜವಾಗಿ ನಂಬಿದ್ದರೋ. ಕಪ್ಪೆ, ಕೋಳಿಕಾಲು ಇರುವ ಕಡೆ ಮುದ್ದೆ ಯಾಕಿರಬಾರದು? ಅಷ್ಟು ನ್ಯಾಯವನ್ನು ಅವರಿಗೆ ಕೊಡಬೇಕು. ಅವರು ಸಿಸ್ಟಮ್ಮನ್ನೇ ಕೇಳಿದ್ದರು. ಗುಂಡಗಿರುವುದು, ಉಂಡೆ, ಬಾಲ್ ಅಂತ ಅರ್ಥ ಹುಡುಕಿಕೊಂಡು ಹೋಗಿ ಅದು ಹಸಿರು ದೀಪದ ಸಮೇತ ಹೇಳಿತ್ತು: ಬಾಲ್ ಬೇರಿಂಗ್.

ಆಗಲೇ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಹಾರ್ನಿನ ದಿನದ ಸಿಟ್ಟು ನನ್ನಲ್ಲಿ ಇನ್ನೂ ಆರಿರಲಿಲ್ಲ. ಬೀಳಲಿ ಗುಂಡಿಗೆ ಅನ್ನಿಸಿತು. ಎರಡು ವಾರದಲ್ಲಿ ಬಾಲ್ ಬೇರಿಂಗಿನ ಪೆಟ್ಟಿಗೆಗಳು ಲಾರಿಯಲ್ಲಿ ಬಂದಿಳಿದವು. ರ‍್ಯಾಕು ತುಂಬಿತು, ನಡೆಯುವ ದಾರಿ ತುಂಬಿತು, ಹೆಂಗಸರ ಟಾಯ್ಲೆಟ್ಟಿನ ಬಾಗಿಲು ಅರ್ಧಕ್ಕಿಂತ ಹೆಚ್ಚು ತೆರೆಯದ ಹಾಗಾಯಿತು. ಪಕ್ಕಕ್ಕೆ ತಿರುಗಿ ಒಳಹೋಗಬೇಕಿತ್ತು. ಸಿಟ್ಟಿನಿಂದ ಮಾಡಿದ ತಮಾಷೆ ಮೊದಲು ನಮಗೇ ಅಡ್ಡ ಬರುತ್ತದೆ ಅಂತ ಅಲ್ಲಿ ದಿನಾ ತಿಳಿಯುತ್ತಿತ್ತು. ಇದಾದ ಮೇಲೆ ಒಂದು ದಿನ ಸ್ಟೋರಣ್ಣ ಒಂದು ಪೆಟ್ಟಿಗೆ ಎಡವಿ ಮಂಡಿ ತರಚಿಕೊಂಡರು. ನಾನು ಅರಿಸಿನ ಹಚ್ಚುತ್ತಿದ್ದಾಗ ಅವರು, "ಸಾಕಮ್ಮ. ಹೇಳ್ಬಿಡು. ನಾನು ಹೇಳಿದ್ರೆ ಮುದುಕನ ಕಿತಾಪತಿ ಅಂತಾರೆ, ನೀನು ಹೇಳಿದ್ರೆ ಕೇಳ್ತಾರೆ" ಅಂದರು.

ಮುಂದಿನ ಮೀಟಿಂಗಿಗೆ ಕಂಪನಿಯ ಯಜಮಾನರೂ ಬಂದಿದ್ದರು. ಕೋಲಾರದ ಕಡೆಯವರು, ಒಂದು ಕಾಲಕ್ಕೆ ಸೈಕಲ್ಲಿನ ಮೇಲೆ ಬೋಲ್ಟು ಮಾರಿ ಮೇಲೆ ಬಂದವರಂತೆ. ಸಾಹೇಬರು ಮುದ್ದೆಯ ಬೇಡಿಕೆ ಬೇರಿಂಗ್ ಬಂದ ಮೇಲೂ ಇಳಿದಿಲ್ಲ, ಆದ್ದರಿಂದ ಇನ್ನಷ್ಟು ತರಿಸಬೇಕು ಅಂತ ವಿವರಿಸುತ್ತಿದ್ದರು. ನಾನು ಎದ್ದು ನಿಂತೆ.

"ಸಾರ್, ಅದು ಊಟ," ಅಂದೆ.

"ಏನು?"

"ಮುದ್ದೆ ಸಾರ್. ರಾಗಿ ಮುದ್ದೆ. ದಿನಕ್ಕೆ ಇಷ್ಟು ಸಲ ಒತ್ಬೇಕು ಅಂದ್ರಲ್ಲ, ಅದಕ್ಕೆ ಒತ್ತಿದ್ವಿ. ಗಿರಾಕಿ ಯಾರೂ ಕೇಳಿಲ್ಲ."

ಯಜಮಾನರು ನನ್ನನ್ನು ನೋಡಿದರು, ಗೋಡೆಯ ಮೇಲಿನ ಚಂದ್ರನನ್ನು ನೋಡಿದರು. ಅವರ ಹೊಟ್ಟೆ ಮೊದಲು ಅಲುಗಾಡಿತು, ಆಮೇಲೆ ಭುಜ. ನಗು ಹೊರಗೆ ಬರಲು ಕೆಮ್ಮಿನ ಸಹಾಯ ಬೇಕಾಯಿತು. "ಎಲಾ ಇವನ," ಅಂದರು ಕೊನೆಗೆ, "ಬೆಳಿಗ್ಗೆ ನಾನೂ ಅದನ್ನೇ ಉಂಡು ಬಂದಿದೀನಿ. ಒಂದು ಮಾತು ನನ್ನ ಕೇಳಿದ್ರೆ ಆಗ್ತಿರಲಿಲ್ವೇನಯ್ಯಾ?"

ಸಾಹೇಬರು ಕೆಂಪಾದರು. ಆದರೆ ಬೀಳಲಿಲ್ಲ. ಅವರ ಶಕ್ತಿಯೇ ಅದು. "ಸಿಸ್ಟಮ್ ತಪ್ಪಲ್ಲ ಸಾರ್," ಅಂದರು. "ಡೇಟಾ ತಪ್ಪು." ಡೇಟಾ ಅಂದರೆ ನಾವು.

ಯಾರ ಕೆಲಸವೂ ಹೋಗಲಿಲ್ಲ. ಹಸಿರು ದೀಪ ಹತ್ತಿದರೂ ಮನುಷ್ಯರು ನೋಡಿಯೇ ಕಳಿಸಬೇಕು ಅಂತ ಯಜಮಾನರು ಅಲ್ಲೇ ಹೇಳಿದರು. ದಿನದ ಲೆಕ್ಕ ರದ್ದಾಯಿತು. ಇನ್ನೊಂದು ಮಾತನ್ನೂ ಅಂದರು: ಊರವರು ಕರೆಯುವ ಹೆಸರುಗಳನ್ನೆಲ್ಲ ಕಲೆಹಾಕಿ ಸಿಸ್ಟಮ್ಮಿಗೆ ಕಲಿಸಿ, ಅದಾದರೂ ಉಪಯೋಗಕ್ಕೆ ಬರಲಿ. ಆ ಕೆಲಸ ನನಗೆ ಬಂತು. ಯಾರ ಬಾಯಿಂದ ಕಲೆಹಾಕಬೇಕು ಅಂತ ಎಲ್ಲರಿಗೂ ಗೊತ್ತಿತ್ತು.

ಮಧ್ಯಾಹ್ನದ ಊಟ ಆದ ಮೇಲೆ ದಿನಾ ಒಂದು ಗಂಟೆ ಸ್ಟೋರಣ್ಣನ ಪಕ್ಕ ಕೂತು ಬರೆದುಕೊಂಡೆ. ಅವರು ಒಂದೊಂದು ಸಾಮಾನನ್ನೂ ಕೈಗೆತ್ತಿಕೊಂಡು ಹೇಳೋರು. ಇದು ಹೊಸಕೋಟೆ ಕಡೆ ನಿಪ್ಪಟ್ಟು, ಆಚೆ ತೆಲುಗಿನವರ ಬಾಯಲ್ಲಿ ಅಪ್ಪಚ್ಚಿ. ಇದನ್ನು ನೆಲಮಂಗಲದವರು ಸೊಂಟದ ಡಾಬು ಅಂತಾರೆ, ದೇವನಹಳ್ಳಿಯೋರು ಹಂಗಂದ್ರೆ ನಗ್ತಾರೆ. ಇದಕ್ಕೆ ಮೊದಲು ಒಂದು ಪೋಲಿ ಹೆಸರಿತ್ತು, ನೀನು ಹೆಣ್ಣುಮಗಳು, ಬರ್ಕೋಬೇಡ. ಬರೆದುಕೊಂಡೆ. ಎರಡು ನೋಟ್‌ಬುಕ್ಕು ತುಂಬಿದವು. ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿದೆ. ಸರ್ಚು ನಿಜಕ್ಕೂ ಸುಧಾರಿಸಿತು. ಕಪ್ಪೆ ಅಂದರೆ ವಾಲ್ವು, ಹಲ್ಲು ಅಂದರೆ ಹಲ್ಲು. ಅದು ಸುಳ್ಳಲ್ಲ, ಹೇಳಲೇಬೇಕು.

ಮುಂದಿನ ವರ್ಷನ್ನಿನ ಜೊತೆ ಹೊಸ ಫೀಚರುಗಳ ಪಟ್ಟಿಯನ್ನು ಬಣ್ಣದ ಕಾಗದದಲ್ಲಿ ಅಚ್ಚು ಹಾಕಿಸಿ ಕಳಿಸಿದರು. ಮೊದಲನೆಯದು: ಸ್ಥಳೀಯ ಭಾಷೆಯ ಬುದ್ಧಿಮತ್ತೆ. ಪಕ್ಕದಲ್ಲಿ ಸರ್ಚ್ ಸಾಹೇಬರ ಫೋಟೋ, ಕೈಕಟ್ಟಿಕೊಂಡು ದೂರಕ್ಕೆ ನೋಡುತ್ತಿರುವುದು. ಕೆಳಗೆ ಸಣ್ಣಕ್ಷರದಲ್ಲಿ ನನ್ನ ಹೆಸರು. ಸ್ಟೋರಣ್ಣನ ಹೆಸರು ಎಲ್ಲೂ ಇರಲಿಲ್ಲ. ನಾನು ಜಗಳ ಮಾಡಿದೆನೇ? ಇಲ್ಲ. ನನಗೆ ಬಡ್ತಿ ಬಂದಿತ್ತು. ಜ್ಞಾನ ಸಂಯೋಜಕಿ ಅಂತ ಹೊಸ ಹುದ್ದೆ, ತಿರುಗುವ ಕುರ್ಚಿ. ಸಾಹೇಬರನ್ನು ಇಷ್ಟು ಹೊತ್ತು ಆಡಿಕೊಂಡ ಬಾಯಿ ಅವತ್ತು ಥ್ಯಾಂಕ್ಸ್ ಸಾರ್ ಅಂದಿತು.

ಅದೇ ತಿಂಗಳು ಸ್ಟೋರಣ್ಣ ಕೆಲಸ ಬಿಟ್ಟರು. ಯಾರೂ ತೆಗೆಯಲಿಲ್ಲ, ತಾವೇ ಬಿಟ್ಟರು. ಮಂಡಿ ನೋವು ಅಂದರು. ಕೊನೆಯ ದಿನ ನನ್ನ ತಿರುಗುವ ಕುರ್ಚಿಯ ಹತ್ತಿರ ಬಂದು, ಬಣ್ಣದ ಕಾಗದ ಎತ್ತಿ, ಕನ್ನಡಕ ಹಾಕಿಕೊಂಡು, ನಿಧಾನವಾಗಿ ಓದಿದರು. ನಾನು ಕುರ್ಚಿಯಿಂದ ಎದ್ದು ನಿಂತೆ.

"ನಾನು ಹೇಳ್ದೆ, ನೀನು ಬರ್ಕೊಂಡೆ," ಅಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ತಪ್ಪೇನಿಲ್ಲ ಬಿಡು. ಆದ್ರೆ ಒಂದು ಹೆಸರು ಬೇಕಂತಲೇ ತಪ್ಪು ಹೇಳಿದೀನಿ."

"ಯಾವ್ದಣ್ಣ?"

"ಹುಡುಕು," ಅಂದು ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೊರಟೇಹೋದರು.

ನಾನು ಎರಡೂ ನೋಟ್‌ಬುಕ್ಕು ತೆಗೆದು ಕೂತೆ. ಒಂದೊಂದು ಪದವನ್ನೂ ಮೆಕ್ಯಾನಿಕ್‌ಗಳಿಗೆ ಫೋನ್ ಮಾಡಿ ಕೇಳಿದೆ. ಎಲ್ಲರೂ ಸರಿ ಅನ್ನುತ್ತಿದ್ದರು, ಇಲ್ಲವೇ ನಮ್ಮ ಕಡೆ ಬೇರೆ ಅಂತಾರೆ ಅನ್ನುತ್ತಿದ್ದರು. ತಪ್ಪು ಯಾವುದು, ಬೇರೆ ಊರಿನ ಸರಿ ಯಾವುದು ಅಂತ ತಿಳಿಯುವುದು ಹೇಗೆ? ಸಾಹೇಬರಿಗೆ ಹೇಳಲಿಲ್ಲ. ಹೇಳಿದ್ದರೆ ಅದನ್ನು ಹುಡುಕಲೆಂದೇ ಇನ್ನೊಂದು ವರ್ಷನ್ ತರುತ್ತಿದ್ದರು. ಬದಲಿಗೆ, ಫೋನಿನಲ್ಲಿ ಆರ್ಡರು ಬಂದಾಗಲೆಲ್ಲ ತಿರುಗುವ ಕುರ್ಚಿಯಿಂದ ಎದ್ದು ರ‍್ಯಾಕಿಗೆ ಹೋಗಿ, ಸಾಮಾನನ್ನು ಕೈಗೆತ್ತಿಕೊಂಡು, ಗಿರಾಕಿಗೆ ವಾಪಸ್ ಫೋನ್ ಮಾಡಿ, ಅದು ಗುಂಡಗಿದೆಯಾ, ಚಪ್ಪಟೆಯಾ, ಎಷ್ಟು ಅಗಲ ಅಂತ ಕೇಳುವುದು ನನಗೆ ರೂಢಿಯಾಯಿತು. ಕೆಲಸ ನಿಧಾನವಾಯಿತು. ಡ್ಯಾಶ್‌ಬೋರ್ಡಿನಲ್ಲಿ ನನ್ನ ಗೆರೆ ಕೆಳಗಿಳಿಯಿತು.

ಮೂರು ವರ್ಷ ಕಳೆದ ಮೇಲೆ ನೆಲಮಂಗಲದ ಒಂದು ಮದುವೆಯಲ್ಲಿ ಸ್ಟೋರಣ್ಣ ಸಿಕ್ಕರು. ಪಂಕ್ತಿಯಲ್ಲಿ ಕೂತು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು. ಮೈ ಸ್ವಲ್ಪ ತುಂಬಿತ್ತು. ಪಕ್ಕದ ಎಲೆಗೆ ಕೂತು ಉಭಯ ಕುಶಲ ಮಾತಾಡಿ, ಕೊನೆಗೆ ತಡೆಯಲಾರದೆ ಕೇಳಿದೆ.

"ಅಣ್ಣ, ಈಗಲಾದ್ರೂ ಹೇಳಿ. ಯಾವ ಹೆಸರು ತಪ್ಪು?"

ಅವರು ಹೋಳಿಗೆಯನ್ನು ಮುರಿಯುತ್ತಾ ಎಡಗೈಯ ಬೆರಳು ಮಡಚಿ ಏನೋ ಎಣಿಸಿದರು. ನಾಟಕವೋ ನಿಜವೋ ಇವತ್ತಿಗೂ ನನಗೆ ಗೊತ್ತಿಲ್ಲ.

"ಒಂದು ಅಂದಿದ್ನಾ?" ಅಂದರು. "ನಾಕೈದು ಇದ್ದಂಗೈತಲ್ಲಮ್ಮ."